ಅಸ್ತಿತ್ವವಾದ, ಮಾರ್ಕ್ಸ್‌ವಾದ ಮತ್ತು ಕನ್ನಡದ ಬಂಡಾಯ

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ಬೌದ್ಧಿಕ ವಲಯವನ್ನು ಆಳಿದ ಚಿಂತನಧಾರೆಗಳಲ್ಲಿ ಅಸ್ತಿತ್ವವಾದ ಮತ್ತು ಮಾರ್ಕ್ಸ್‌ವಾದ ಪ್ರಮುಖವಾದವು. ಮನುಷ್ಯ ತನ್ನ ಆಯ್ಕೆಗಳಿಂದಲೇ ರೂಪುಗೊಳ್ಳುತ್ತಾನೆ, ಆ ಆಯ್ಕೆಗಳ ಹೊಣೆಯೂ ಅವನದೇ ಎಂಬುದು ಮೊದಲನೆಯದರ ನಿಲುವು. ವರ್ಗಸಂಘರ್ಷವೇ ಚರಿತ್ರೆಯನ್ನು ಮುನ್ನಡೆಸುತ್ತದೆ ಎಂಬುದು ಎರಡನೆಯದರ ನಿಲುವು. ಇವೆರಡೂ ಕೂಡಿ ಬಾಳಬಲ್ಲವೇ ಎಂಬ ಪ್ರಶ್ನೆ ಕನ್ನಡದಲ್ಲಿ ಬೇರೊಂದು ರೂಪ ತಾಳಿತು. ಆ ಚರ್ಚೆಯಲ್ಲಿ ತುಮಕೂರು ಜಿಲ್ಲೆಗೂ ಪಾಲಿದೆ.

ಫ್ರಾನ್ಸಿನ ವಾಗ್ವಾದ

ಜಾನ್ ಪಾಲ್ ಸಾರ್ತ್ರೆ 1945ರಿಂದಲೇ ಲೇಖಕನ ಸಾಮಾಜಿಕ ಬದ್ಧತೆಯನ್ನು ಪ್ರತಿಪಾದಿಸಿದರು. ಕ್ರಾಂತಿಯ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ಆಲ್ಬರ್ಟ್ ಕಾಮೂ 1951ರ ತಮ್ಮ ಕೃತಿಯಲ್ಲಿ ಪ್ರಶ್ನಿಸಿದರು. ಮರುವರ್ಷ ಇಬ್ಬರ ಸ್ನೇಹ ಮುರಿಯಿತು. ಆಗ ಕಮ್ಯುನಿಸ್ಟರ ಪರ ನಿಂತಿದ್ದ ಸಾರ್ತ್ರೆ, 1956ರಲ್ಲಿ ಹಂಗೆರಿಯ ಮೇಲೆ ಸೋವಿಯತ್ ಸೇನೆ ನಡೆಸಿದ ದಾಳಿಯನ್ನು ಖಂಡಿಸಿದರು. 1960ರಲ್ಲಿ ಪ್ರಕಟವಾದ ಬೃಹತ್ ಗ್ರಂಥದಲ್ಲಿ ಅವರು ಮಾರ್ಕ್ಸ್‌ವಾದದೊಳಗೇ ವ್ಯಕ್ತಿಸ್ವಾತಂತ್ರ್ಯಕ್ಕೆ ಸ್ಥಾನ ಕಲ್ಪಿಸಲು ಯತ್ನಿಸಿದರು.

ನವ್ಯದ ಏಕಾಂಗಿ ನಾಯಕ

ಅಸ್ತಿತ್ವವಾದದ ಪ್ರಭಾವ ಕನ್ನಡದಲ್ಲಿ ನವ್ಯ ಸಾಹಿತ್ಯದ ಮೂಲಕ ಕಾಣಿಸಿಕೊಂಡಿತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961) ಹಾಗೂ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದಕ್ಕೆ ನಿದರ್ಶನಗಳು. ಶಾಸ್ತ್ರದಲ್ಲಿ ಉತ್ತರ ದೊರೆಯದೆ ತನ್ನ ನಿರ್ಧಾರದ ಭಾರವನ್ನು ತಾನೇ ಹೊರಬೇಕಾದ ವ್ಯಕ್ತಿ ಪ್ರಾಣೇಶಾಚಾರ್ಯ. ಆದರೆ ಅನಂತಮೂರ್ತಿ, ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಮೊದಲಾದವರನ್ನು ರಾಜಕೀಯವಾಗಿ ಸೆಳೆದದ್ದು ಮಾರ್ಕ್ಸ್‌ಗಿಂತ ಹೆಚ್ಚಾಗಿ ಲೋಹಿಯಾ.

ಬಂಡಾಯದ ಪ್ರಶ್ನೆ

1979ರ ಮಾರ್ಚ್‌ನಲ್ಲಿ ಧರ್ಮಸ್ಥಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನವ್ಯದ ಅಗ್ರಕವಿ ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರಾಗಿದ್ದರು. ಅಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ಈಡೇರಲಿಲ್ಲ. ಪ್ರತಿಭಟನೆಯಾಗಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಬಂಡಾಯ ಸಂಘಟನೆಯ ಸಂಸ್ಥಾಪಕ ಸಂಚಾಲಕರಾದ ಬರಗೂರು ರಾಮಚಂದ್ರಪ್ಪ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರು. ಮಾರ್ಕ್ಸ್, ಅಂಬೇಡ್ಕರ್, ಲೋಹಿಯಾ ಮೂವರಿಂದಲೂ ಪ್ರೇರಣೆ ಪಡೆದ ಈ ಚಳವಳಿ, ನವ್ಯವು ವ್ಯಕ್ತಿನಿಷ್ಠತೆಯಲ್ಲಿ ಮುಳುಗಿ ಸಮುದಾಯದ ನೋವನ್ನು ಮರೆಯಿತೆಂದು ಟೀಕಿಸಿತು.

ಪ್ಯಾರಿಸ್‌ನ ವಾಗ್ವಾದದಲ್ಲಿ ವರ್ಗ ಮತ್ತು ಪಕ್ಷ ಮುಖ್ಯವಾಗಿದ್ದವು. ಇಲ್ಲಿ ಜಾತಿ ಮುಖ್ಯವಾಯಿತು. ಜಾತಿ ಯಾರೂ ಆಯ್ದುಕೊಂಡದ್ದಲ್ಲ, ಹುಟ್ಟಿನೊಂದಿಗೇ ಹೇರಲ್ಪಟ್ಟದ್ದು. ಆದುದರಿಂದ ಆಯ್ಕೆಯ ಸ್ವಾತಂತ್ರ್ಯವೇ ಯಾರಿಗೆ ಉಂಟು ಎಂಬುದು ಮೊದಲ ಪ್ರಶ್ನೆಯಾಯಿತು.

ತುಮಕೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ದಲಿತ ಚಳವಳಿಯ ನಾಯಕ, ಕವಿ ಕೆ.ಬಿ. ಸಿದ್ದಯ್ಯ (ನಿಧನ 2019) ‘ಬಕಾಲ’ದಂತಹ ಖಂಡಕಾವ್ಯಗಳಲ್ಲಿ ಸಮುದಾಯದ ನೋವು ಹಾಗೂ ವ್ಯಕ್ತಿಯ ಅಂತರಂಗದ ಹುಡುಕಾಟ ಎರಡನ್ನೂ ಒಟ್ಟಿಗೆ ಹಿಡಿದರು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ ಎಂಬುದಕ್ಕೆ ಅವರ ಕಾವ್ಯ ಸಾಕ್ಷಿಯಾಗಿದೆ.