ಒಂದು ವರ್ಷದ ಮೇಷ್ಟ್ರು

ಇಂಗ್ಲಿಷನ್ನೇ ಆಡಿ ಬೆಳೆದವನೊಬ್ಬ ಜಪಾನಿನಲ್ಲಿ ಮೊದಲು ಪಾಠ ಹೇಳಿದ್ದು ಸೆರೆಯಲ್ಲಿದ್ದುಕೊಂಡು. 1848ರಲ್ಲಿ ರಾನಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಯುವಕ ತಿಮಿಂಗಿಲ ಬೇಟೆಯ ಹಡಗಿನಿಂದ ಸಣ್ಣ ದೋಣಿಗೆ ಇಳಿದು, ಉತ್ತರದ ದ್ವೀಪವೊಂದರ ದಡ ಸೇರಿದ. ಪರದೇಶದವರು ಕಾಲಿಡುವಂತಿಲ್ಲದ ಕಾಲ. ಹಿಡಿದು ನಾಗಸಾಕಿಗೆ ಒಯ್ದು ಕೂಡಿಹಾಕಿದರು. ಅಲ್ಲಿನ ಸರ್ಕಾರಿ ದುಭಾಷಿಗಳಿಗೆ ಡಚ್ ಬರುತ್ತಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹದಿನಾಲ್ಕು ಮಂದಿ ಅವನೆದುರು ಕೂತು ಗಟ್ಟಿಯಾಗಿ ಓದುವರು. ಅವನು ಉಚ್ಚಾರಣೆ ತಿದ್ದುವನು. 'ಲ'ಕಾರ ಅವರ ನಾಲಗೆಗೆ ಒಗ್ಗುತ್ತಿರಲಿಲ್ಲ. ಆ ಶಿಷ್ಯರಲ್ಲೊಬ್ಬನಾದ ಮೊರಿಯಾಮ ಐನೊಸುಕೆ, 1854ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಒಪ್ಪಂದಕ್ಕೆ ಬಂದಾಗ ದುಭಾಷಿಯಾಗಿದ್ದ.

ಜಪಾನ್ ಹೊರಗಿನವರಿಗೆ ಬಾಗಿಲು ತೆರೆದ ಮೇಲೆ, ಮೇಜಿ ಚಕ್ರವರ್ತಿಯ ಕಾಲದ ಸರ್ಕಾರವೇ ಕೈತುಂಬ ಸಂಬಳ ಕೊಟ್ಟು ಪರದೇಶಿ ಮೇಷ್ಟ್ರುಗಳನ್ನು ಕರೆಸಿತು.

ಪದವಿ ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷಕ್ಕೆಂದು ಸಾಲುಗಟ್ಟಿ ಬರತೊಡಗಿದ್ದು ಮಾತ್ರ ಅದಾಗಿ ಬಹಳ ಕಾಲದ ಮೇಲೆ. 1980ರ ದಶಕದಲ್ಲಿ ಜಪಾನಿನ ಕಾರು, ಟೀವಿಗಳು ಅಮೆರಿಕದ ಪೇಟೆಯನ್ನು ತುಂಬಿ, ವ್ಯಾಪಾರದ ಜಗಳ ಕಾವೇರಿತ್ತು. ನಾವು ಬಾಗಿಲು ಮುಚ್ಚಿ ಕೂತವರಲ್ಲ ಎಂದು ಜಪಾನ್ ತೋರಿಸಬೇಕಿತ್ತು. ಪರದೇಶದ ಪದವೀಧರರನ್ನು ಶಾಲೆಗಳಿಗೆ ಕರೆಸಲು 1987ರಲ್ಲಿ ಹುಟ್ಟಿದ 'ಜೆಟ್' ಯೋಜನೆಯ ಹಿಂದೆ ಶಿಕ್ಷಣ ಇಲಾಖೆಗಿಂತ ಹೆಚ್ಚು ಉತ್ಸಾಹ ಇದ್ದದ್ದು ಸ್ಥಳೀಯಾಡಳಿತ ನೋಡಿಕೊಳ್ಳುವ ಗೃಹ ಇಲಾಖೆಗೆ. ಪಾಠಕ್ಕಿಂತ ಪರದೇಶದವರ ಓಡಾಟವೇ ಮುಖ್ಯ ಎಂಬ ಲೆಕ್ಕ ಅಲ್ಲಿತ್ತೆಂದು ಕಾಣುತ್ತದೆ. ಬೋಧನೆಯ ತರಬೇತಿ ಇಲ್ಲದಿದ್ದರೂ ಯಾವುದೋ ಒಂದು ಪದವಿ ಇದ್ದರೆ ಸಾಕಾಗಿತ್ತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಂದ ಮೊದಲ ವರ್ಷ 848 ಮಂದಿ ಬಂದರು. 2002ರ ಹೊತ್ತಿಗೆ ಆರು ಸಾವಿರ ದಾಟಿದರು.

ಟೋಕಿಯೊ ಕನಸು ಹೊತ್ತು ಬಂದವರಲ್ಲಿ ಅನೇಕರಿಗೆ ಸಿಕ್ಕಿದ್ದು ಗದ್ದೆ ಬಯಲಿನ ನಡುವಿನ ಊರು, ಮೀನುಗಾರರ ಹಳ್ಳಿ. ಕೆಲಸದ ಹೆಸರು ಸಹಾಯಕ ಭಾಷಾ ಶಿಕ್ಷಕ. ತರಗತಿ ನಡೆಸುವವರು ಜಪಾನಿ ಮೇಷ್ಟ್ರೇ. ಅವರು ಸನ್ನೆ ಮಾಡಿದಾಗ ಎದ್ದು ಪಠ್ಯದ ಒಂದು ಪ್ಯಾರಾ ಓದುವುದು, ಮಕ್ಕಳು ಮಗ್ಗಿ ಒಪ್ಪಿಸುವಂತೆ ಅದನ್ನೇ ಹೇಳುವುದು. ತಮ್ಮನ್ನು 'ಮನುಷ್ಯ ಟೇಪ್ ರೆಕಾರ್ಡರ್' ಎಂದು ಈ ಸಹಾಯಕರೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಜಪಾನಿ ಮೇಷ್ಟ್ರನ್ನು ದೂರಿ ಫಲವಿಲ್ಲ. ಅವರ ತಲೆಯ ಮೇಲೆ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ತೂಗುತ್ತಿತ್ತು. ಅದಕ್ಕೆ ಬೇಕಾದದ್ದು ವ್ಯಾಕರಣ ಮತ್ತು ಓದು. ಆ ರಾಷ್ಟ್ರೀಯ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗ ಸೇರಿದ್ದು 2006ರಲ್ಲಿ. ಜೆಟ್ ಮೇಷ್ಟ್ರುಗಳು ಬಂದು ಆಗಲೇ ಹತ್ತೊಂಬತ್ತು ವರ್ಷ ಆಗಿತ್ತು.