ದೇವನಹಳ್ಳಿ–ನಂದಿ ಹಾಲ್ಟ್: ಹಳಿಯ ಒತ್ತಿನ ಸೈಕಲ್ ದಾರಿ

ರೈಲು ನಿಂತುಹೋದ ಕಡೆ ಹಳಿ ಕಿತ್ತು, ಆ ನೆಲವನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಟ್ಟ ದಾರಿಗಳು ಹಲವು ದೇಶಗಳಲ್ಲಿವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳೆಯ ಚಿಕ್ಕ ಹಳಿ ಬೇರೆ ಹಾದಿ ಹಿಡಿಯಿತು. ಅದು ದೊಡ್ಡ ಹಳಿಯಾಗಿ ಇಂದಿಗೂ ರೈಲು ಹೊರುತ್ತಿದೆ. ಹಾಗಾಗಿ ಇಲ್ಲಿ ಸೈಕಲ್ ಓಡಿಸಬೇಕಾದ್ದು ಹಳಿಯ ಜಾಗದಲ್ಲಲ್ಲ, ಅದರ ಜೊತೆಜೊತೆಗೆ ಸಾಗುವ ಊರ ರಸ್ತೆಗಳಲ್ಲಿ. ದೇವನಹಳ್ಳಿಯಿಂದ ಆವತಿ ದಾಟಿ ನಂದಿ ಹಾಲ್ಟ್ ತಲುಪುವ ಈ ಹಾದಿ ಇಪ್ಪತ್ತು ಕಿ.ಮೀ. ಆಸುಪಾಸಿನದು.

ರೈಲಿನ ಹಾದಿ ಏಕೆ ಸಲೀಸು?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ನೂರು ಮೀಟರಿಗೆ ಒಂದು ಮೀಟರ್ ಏರಿದರೂ ರೈಲಿಗೆ ಅದು ಲೆಕ್ಕಕ್ಕೆ ಬರುವ ಏರು. ಆದ್ದರಿಂದ ಮಾರ್ಗ ಹಾಕುವ ಎಂಜಿನಿಯರುಗಳು ದಿಬ್ಬ ಕಡಿದು, ತಗ್ಗಿಗೆ ಮಣ್ಣು ತುಂಬಿ, ಇಲ್ಲವೇ ಬಳಸಿಕೊಂಡು ಹೋಗಿ ನೆಲವನ್ನು ಸಮ ಮಾಡುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1960ರ ದಶಕದಲ್ಲಿ ಹಳಿ ಕಿತ್ತ ನೆಲದ ಮೇಲೆ ರೂಪುಗೊಂಡ ಎಲ್‌ರಾಯ್–ಸ್ಪಾರ್ಟಾ ದಾರಿಯಲ್ಲಿ ಮೂರು ಹಳೆಯ ಸುರಂಗಗಳಿವೆ. ನ್ಯೂಜಿಲೆಂಡಿನಲ್ಲಿ 2000ದಲ್ಲಿ ತೆರೆದ ಒಟಾಗೊ ಸೆಂಟ್ರಲ್ ದಾರಿ ಸುಮಾರು 150 ಕಿ.ಮೀ. ಉದ್ದವಿದೆ. ಬೆಟ್ಟಗುಡ್ಡಗಳ ನಡುವಿದ್ದರೂ ಅವು ಹೊಸಬರಿಗೆ ಒಗ್ಗುವುದು ಈ ಕಾರಣಕ್ಕೇ.

ದೇವನಹಳ್ಳಿ ಮಾರ್ಗಕ್ಕೆ ಬಯಲುಸೀಮೆಯ ನೆಲವೇ ಅನುಕೂಲ ಮಾಡಿಕೊಟ್ಟಿತು. ಈ ಮಾರ್ಗವೆಲ್ಲ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲೇ ಇದೆ. ಪಕ್ಕದ ರಸ್ತೆ ಹಳಿಯಷ್ಟು ಸಮವಲ್ಲ, ಅಲ್ಲಲ್ಲಿ ಏರಿಳಿತಗಳಿವೆ. ಆದರೆ ಇಳಿದು ತಳ್ಳಬೇಕಾದ ಏರು ಸಿಗುವುದಿಲ್ಲ.

ಮಾರ್ಗದ ಇತಿಹಾಸ

ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ 1915ರ ಹೊತ್ತಿನದು. ಆಗ ಮೈಸೂರಿನ ದಿವಾನರಾಗಿದ್ದವರು ನಂದಿ ಸಮೀಪದ ಮುದ್ದೇನಹಳ್ಳಿಯವರೇ ಆದ ಎಂ. ವಿಶ್ವೇಶ್ವರಯ್ಯ. ಹಳಿಗಳ ನಡುವಿನ ಅಂತರ 762 ಮಿ.ಮೀ., ಅಂದರೆ ಎರಡೂವರೆ ಅಡಿ. ಚಿಕ್ಕಬಳ್ಳಾಪುರದಿಂದ ಮುಂದೆ ಚಿಂತಾಮಣಿ, ಕೋಲಾರಗಳಿಗೂ ಇದೇ ಅಳತೆಯ ಹಳಿ ಇತ್ತು.

ಮುಂದೆ ಯಲಹಂಕ–ಚಿಕ್ಕಬಳ್ಳಾಪುರದ ಹಳಿ 1676 ಮಿ.ಮೀ.ನ ಬ್ರಾಡ್‌ಗೇಜ್ ಆಯಿತು. ಕೋಲಾರದವರೆಗಿನ ಭಾಗ 2013ರಲ್ಲಿ ಮತ್ತೆ ತೆರೆಯಿತು. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸೇರಿಕೊಂಡಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಉಳಿದಿದ್ದ ಹೆಂಚಿನ ಚಾವಣಿಯ ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಮುಂದಾಯಿತು.

ದಾರಿಯ ಊರುಗಳು

ದೇವನಹಳ್ಳಿ: ಯಲಹಂಕದಿಂದಲೇ ಹೊರಟರೆ ಹೆದ್ದಾರಿ ಮತ್ತು ವಿಮಾನ ನಿಲ್ದಾಣದ ವಾಹನಗಳ ನಡುವೆ ಸಿಕ್ಕಿಕೊಳ್ಳಬೇಕು. ಸವಾರಿಯನ್ನು ಇಲ್ಲಿಂದ ಆರಂಭಿಸುವುದೇ ಮೇಲು. ಆವತಿ ವಂಶದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆ ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಅದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೇನೆಯ ವಶವಾಯಿತು. ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲೇ. ಕೋಟೆಯೊಳಗೆ ವೇಣುಗೋಪಾಲಸ್ವಾಮಿ ಗುಡಿಯಿದೆ.

ಆವತಿ: ದೇವನಹಳ್ಳಿಯಿಂದ ಉತ್ತರಕ್ಕೆ ಏಳೆಂಟು ಕಿ.ಮೀ. ಈ ಸೀಮೆಯ ಹಲವು ಪಾಳೆಯಗಾರ ಮನೆತನಗಳ ಮೂಲ ಇಲ್ಲಿನದೆಂದು ಐತಿಹ್ಯ. ಇಲ್ಲಿಂದ ಮುಂದೆ ನಂದಿ ಬೆಟ್ಟ ಎದುರಿಗೇ ಎಡಕ್ಕೆ ಕಾಣಿಸಿಕೊಳ್ಳುತ್ತದೆ.

ನಂದಿ ಹಾಲ್ಟ್: ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು. ಹತ್ತಿರದ ನಂದಿ ಗ್ರಾಮದಲ್ಲಿ ಒಂಬತ್ತನೇ ಶತಮಾನದಷ್ಟು ಹಳೆಯ ಭೋಗನಂದೀಶ್ವರ ದೇವಾಲಯವಿದೆ. ಅದರ ಕಲ್ಯಾಣಿಯನ್ನು ನೋಡದೆ ಹಿಂದಿರುಗಬಾರದು.

ಹೊಲ, ತೋಟ

ದಾರಿಯ ಇಕ್ಕೆಲದಲ್ಲಿ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ನೀಲಗಿರಿ ತೋಪುಗಳಿವೆ. ದೇವನಹಳ್ಳಿ ಚಕ್ಕೋತಕ್ಕೂ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಮಾವು, ದ್ರಾಕ್ಷಿ ತೋಟಗಳಿದ್ದ ಜಾಗದಲ್ಲಿ ಈಗ ಬಡಾವಣೆಗಳ ಕಮಾನುಗಳೂ ಕಣ್ಣಿಗೆ ಬೀಳುತ್ತವೆ.

ಸವಾರರು ಗಮನಿಸಬೇಕಾದ್ದು

ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗು ಹಿತವಾದುದು. ಆದರೆ ಡಿಸೆಂಬರ್, ಜನವರಿಯಲ್ಲಿ ವಿಮಾನಗಳನ್ನೇ ತಡೆಯುವಷ್ಟು ದಟ್ಟ ಮಂಜು ಕವಿಯುವುದುಂಟು. ಹಿಂದೆ ಮುಂದೆ ದೀಪ ಬೇಕೇ ಬೇಕು. ರಾಷ್ಟ್ರೀಯ ಹೆದ್ದಾರಿ 44ರ ಮುಖ್ಯ ರಸ್ತೆಗೆ ಇಳಿಯದೆ ಸರ್ವಿಸ್ ರಸ್ತೆ, ಹಳ್ಳಿ ರಸ್ತೆಗಳನ್ನು ಹಿಡಿಯಬೇಕು. ಹಳಿಯ ಪಕ್ಕದ ಜಲ್ಲಿ ಹಾದಿ ಕೈಬೀಸಿ ಕರೆದರೂ ಅದು ರೈಲ್ವೆಯ ಜಾಗ. ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಆರು ತಿಂಗಳವರೆಗಿನ ಸೆರೆ ಅಥವಾ ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಹಳಿ ದಾಟುವುದಾದರೆ ಗೇಟು ಅಥವಾ ಅಂಡರ್‌ಪಾಸ್‌ನಲ್ಲಿ ಮಾತ್ರ.

1478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಈ ಸವಾರಿಗೆ ಸೇರಿಸಿಕೊಳ್ಳುವವರು ಇನ್ನೂ ಐನೂರು ಮೀಟರಿಗೂ ಹೆಚ್ಚು ಏರಬೇಕು. ಅದು ಪಳಗಿದ ಕಾಲುಗಳ ಕೆಲಸ. ಮಕ್ಕಳೊಂದಿಗೆ ಬಂದವರು ಭೋಗನಂದೀಶ್ವರನ ಅಂಗಳದಲ್ಲಿ ದಣಿವಾರಿಸಿಕೊಂಡು ಅದೇ ದಾರಿಯಲ್ಲಿ ಮರಳಬಹುದು.