ಬಡವರ ಅಡುಗೆಮನೆಗೆ ತರಕಾರಿ: ಹೈದರಾಬಾದಿನ ರೈತುಬಜಾರ್ ಮತ್ತು ಸರ್ಕಾರಿ ಹಣದ ದಾರಿ

1. ಪ್ರಶ್ನೆ

ಹೈದರಾಬಾದಿನ ಬಡ ಕುಟುಂಬದ ಅಕ್ಕಿಗೆ ಸರ್ಕಾರ ದುಡ್ಡು ಕೊಡುತ್ತದೆ, ತರಕಾರಿಗೆ ಕೊಡುವುದಿಲ್ಲ. ಎನ್.ಟಿ. ರಾಮರಾವ್ 1983ರಲ್ಲಿ ತಂದ ಕಿಲೋಗೆ 2 ರೂಪಾಯಿ ಅಕ್ಕಿಯಿಂದ ಹಿಡಿದು, 2025ರ ಯುಗಾದಿಯಂದು ಹುಜೂರ್‌ನಗರದಲ್ಲಿ ಚಾಲನೆ ಪಡೆದ ತಲೆಗೆ 6 ಕಿಲೋ ಸಣ್ಣಕ್ಕಿಯವರೆಗೆ, ಆಹಾರ ಸಹಾಯಧನವೆಂದರೆ ಬಹುಪಾಲು ಧಾನ್ಯವೇ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಡಿಸುವ ಆರೋಗ್ಯಲಕ್ಷ್ಮಿ ಊಟದಲ್ಲಿ ತರಕಾರಿ ಉಂಟು. ಆದರೆ ಅದು ಕೆಲವು ತಿಂಗಳ ಮಾತು, ಮನೆಯ ಉಳಿದವರಿಗೆ ತಲುಪುವುದೂ ಇಲ್ಲ.

ಇದೇ ಊರಿನಲ್ಲಿ ಕಾಲು ಶತಮಾನದಿಂದ ಸರ್ಕಾರವೇ ನಡೆಸುವ ರೈತುಬಜಾರುಗಳಿವೆ. ಅಲ್ಲಿ ಖರ್ಚಾಗುವ ಸಾರ್ವಜನಿಕ ಹಣ ಜಾಗಕ್ಕೆ, ಚಾವಣಿಗೆ, ಸಿಬ್ಬಂದಿಗೆ ಸಲ್ಲುತ್ತದೆ. ಯಾರು ಕೊಳ್ಳುತ್ತಿದ್ದಾರೆ ಎಂಬುದನ್ನು ಅದು ನೋಡುವುದಿಲ್ಲ. ಆ ಹಣದ ಒಂದು ಪಾಲು ಬಡ ಗ್ರಾಹಕರ ಕೈಗೆ ಕೂಪನ್ನಿನ ರೂಪದಲ್ಲಿ ಬಂದು, ರೈತರ ಮಳಿಗೆಯಲ್ಲೇ ಖರ್ಚಾಗಬೇಕು ಎಂಬುದು ಈ ಲೇಖನದ ವಾದ. ಜೊತೆಗೆ, ಅಂಥ ಕೂಪನ್ ರೈತುಬಜಾರಿನ ಹಳೆಯ ಕಾಯಿಲೆಯೊಂದನ್ನು ಗುರುತಿಸುವ ಸಾಧನವೂ ಆಗಬಲ್ಲದು ಎಂದು ತೋರಿಸುವ ಉದ್ದೇಶವಿದೆ.

2. ರೈತುಬಜಾರಿನ ವ್ಯವಸ್ಥೆ

ಅವಿಭಜಿತ ಆಂಧ್ರಪ್ರದೇಶದಲ್ಲಿ ರೈತುಬಜಾರುಗಳು 1999ರ ಜನವರಿ 26ರಂದು ಆರಂಭವಾದವು. ಪಂಜಾಬಿನ ‘ಅಪ್ನಿ ಮಂಡಿ’ (1987) ಅದಕ್ಕಿಂತ ಹಿಂದಿನದು; ತಮಿಳುನಾಡಿನ ‘ಉಳವರ್ ಸಂದೈ’ ಅದೇ ವರ್ಷದ ನವೆಂಬರ್‌ನಲ್ಲಿ ಮದುರೈಯಲ್ಲಿ ಶುರುವಾಯಿತು. ಹೈದರಾಬಾದಿನಲ್ಲಿ ಎರ್ರಗಡ್ಡ, ಮೆಹದಿಪಟ್ನಂ, ಕೂಕಟಪಲ್ಲಿ, ಸರೂರ್‌ನಗರ, ಫಲಕ್‌ನುಮಾ ಮೊದಲಾದ ಕಡೆ ಇವು ನೆಲೆಯೂರಿವೆ.

ತರಕಾರಿ ಬೆಳೆಯುವ ರೈತನನ್ನು ಅಧಿಕಾರಿಗಳು ಊರಿನಲ್ಲೇ ಗುರುತಿಸಿ ಕಾರ್ಡು ಕೊಡುತ್ತಾರೆ. ಮಳಿಗೆಗೆ ಬಾಡಿಗೆಯಿಲ್ಲ, ಮಾರುಕಟ್ಟೆ ಶುಲ್ಕವಿಲ್ಲ, ದಲಾಲಿಯಿಲ್ಲ. ಸುತ್ತಮುತ್ತ ಬೆಳೆಯದ ಈರುಳ್ಳಿ, ಆಲೂಗಡ್ಡೆಯಂಥವನ್ನು ಮಾರಲು ಮಹಿಳಾ ಸ್ವಸಹಾಯ ಗುಂಪುಗಳಿಗೆ ಅವಕಾಶವಿದೆ. ಮಾರುಕಟ್ಟೆ ಇಲಾಖೆಯ ಎಸ್ಟೇಟ್ ಆಫೀಸರ್ ಪ್ರತಿ ಬೆಳಿಗ್ಗೆ ಸಗಟು ದರ ತರಿಸಿಕೊಂಡು, ರೈತರ ಸಮಿತಿಯೊಂದಿಗೆ ಕೂತು ಆ ದಿನದ ದರ ನಿಗದಿಮಾಡಿ ಫಲಕದ ಮೇಲೆ ಬರೆಸುತ್ತಾನೆ. ಸಗಟು ದರಕ್ಕಿಂತ ಸುಮಾರು ಶೇ. 25 ಹೆಚ್ಚು, ಚಿಲ್ಲರೆ ದರಕ್ಕಿಂತ ಸುಮಾರು ಶೇ. 25 ಕಡಿಮೆ ಎಂಬುದು ಸೂತ್ರ. ಬೋಯಿನಪಲ್ಲಿ ಸಗಟು ಮಾರುಕಟ್ಟೆಯಲ್ಲಿ ಬದನೆಗೆ ಕಿಲೋಗೆ 16 ರೂ., ಬೀದಿಯಲ್ಲಿ 28 ರೂ. ಇದೆಯೆಂದಿಟ್ಟುಕೊಳ್ಳಿ: ಫಲಕದ ದರ 20–21 ರೂಪಾಯಿಗೆ ಬಂದು ನಿಲ್ಲುತ್ತದೆ. ರೈತನಿಗೆ ನಾಲ್ಕೈದು ರೂಪಾಯಿ ಹೆಚ್ಚು, ಕೊಳ್ಳುವವರಿಗೆ ಏಳೆಂಟು ರೂಪಾಯಿ ಉಳಿತಾಯ.

ಬೆಲೆ ಏರಿದಾಗ ಸರ್ಕಾರ ಇದೇ ಮಳಿಗೆಗಳನ್ನು ಆಶ್ರಯಿಸುತ್ತದೆ. 2015ರ ಆಗಸ್ಟ್‌ನಲ್ಲಿ ತೆಲಂಗಾಣ ಸರ್ಕಾರ ಇಲ್ಲಿ ಕಿಲೋಗೆ 20 ರೂಪಾಯಿಯಂತೆ ಈರುಳ್ಳಿ ಮಾರಿಸಿತು. ಅಂದರೆ ತರಕಾರಿಗೆ ಸರ್ಕಾರ ಸಹಾಯಧನ ಕೊಟ್ಟೇ ಇಲ್ಲ ಎನ್ನುವಂತಿಲ್ಲ. ಆದರೆ ಅದು ಬೆಲೆ ಬಿಸಿಯೇರಿದಾಗಿನ ಉಪಶಮನ. ಸಾಲಿನಲ್ಲಿ ನಿಂತವರು ಬಡವರೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ.

3. ಕೊಳ್ಳುವವರ ಲೆಕ್ಕ

ಇದೇ ಊರಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ನಾಲ್ವರ ಕುಟುಂಬಕ್ಕೆ ತಿಂಗಳಿಗೆ ತರಕಾರಿಯೇ 48 ಕಿಲೋ. ಸರಾಸರಿ ಕಿಲೋಗೆ 30 ರೂ. ಹಿಡಿದರೂ 1,440 ರೂಪಾಯಿ. ದಿನಗೂಲಿಯ ಮನೆಯಲ್ಲಿ ಖರ್ಚು ಹಿಡಿಯಬೇಕಾಗಿ ಬಂದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ತೆಲಂಗಾಣದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 57.6ರಷ್ಟು ಮಂದಿಗೆ ರಕ್ತಹೀನತೆಯಿದೆ ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21). ರಕ್ತಹೀನತೆಗೆ ಕಾರಣ ಹಲವು. ಸೊಪ್ಪು ತರಕಾರಿಯ ಕೊರತೆ ಅವುಗಳಲ್ಲೊಂದು.

ಅಗ್ಗದ ತರಕಾರಿ ಬಡವರಿಗೆ ತಾನಾಗಿ ದಕ್ಕುವುದಿಲ್ಲ. ಎರಡು ಕಿಲೋ ಬದನೆ ಕೊಂಡರೆ ಉಳಿಯುವುದು ಹೆಚ್ಚೆಂದರೆ 16 ರೂಪಾಯಿ. ಷೇರ್ ಆಟೋದಲ್ಲಿ ಹೋಗಿಬಂದರೆ ಅಷ್ಟೂ ಅಲ್ಲಿಗೇ. ವಾರಕ್ಕೊಮ್ಮೆ ದೊಡ್ಡ ಚೀಲ ತುಂಬಿಸಿ ಫ್ರಿಜ್ಜಿನಲ್ಲಿಡುವವರಿಗೆ ಲೆಕ್ಕ ಗಿಟ್ಟುತ್ತದೆ, ಸಂಜೆ ಕೂಲಿ ಸಿಕ್ಕಮೇಲೆ ಮನೆಯ ಬಳಿಯ ತಳ್ಳುಗಾಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಯದು ಕೊಳ್ಳುವವರಿಗೆ ಗಿಟ್ಟುವುದಿಲ್ಲ. 2023ರ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಯೋಜನೆಯಡಿ ಮಹಿಳೆಯರಿಗೆ ಸಿಟಿ ಬಸ್ ಉಚಿತವಾದ ಮೇಲೆ ಪ್ರಯಾಣದ ಖರ್ಚೇನೋ ಇಳಿಯಿತು. ಇನ್ನುಳಿದದ್ದು ಸಮಯ ಮತ್ತು ಕೈಯಲ್ಲಿನ ನಗದು.

4. ಕೂಪನ್ನಿನ ಪೂರ್ವೇತಿಹಾಸ

ರೈತರ ಸಂತೆಯಲ್ಲಿ ಮಾತ್ರ ಚಲಾವಣೆಯಾಗುವ ಕೂಪನ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1986ರಲ್ಲಿ ಶುರುವಾಯಿತು. ಆಗ ಅಲ್ಲಿನ ಕೃಷಿ ಆಯುಕ್ತರಾಗಿದ್ದವರು ಗಸ್ ಶೂಮಾಕರ್. 1992ರಲ್ಲಿ ಅಲ್ಲಿನ ಕಾಂಗ್ರೆಸ್ ಇದನ್ನು ಬಡ ತಾಯಂದಿರು ಮತ್ತು ಮಕ್ಕಳ ಪೋಷಣಾ ಕಾರ್ಯಕ್ರಮದ ಭಾಗವಾಗಿಸಿತು. 2009ರಲ್ಲಿ ಡೆಟ್ರಾಯಿಟ್‌ನಲ್ಲಿ, ಆಹಾರ ಸಹಾಯಧನದಿಂದ ಒಂದು ಡಾಲರಿನ ತರಕಾರಿ ಕೊಂಡರೆ ಇನ್ನೊಂದು ಡಾಲರಿನಷ್ಟು ಉಚಿತ ಎಂಬ ಪದ್ಧತಿ ಬಂತು. 2014ರ ಕೃಷಿ ಕಾಯ್ದೆ ಇಂಥ ಪ್ರೋತ್ಸಾಹಗಳಿಗೆ ಐದು ವರ್ಷಕ್ಕೆ 10 ಕೋಟಿ ಡಾಲರ್ ಇಟ್ಟಿತು. 2018ರ ಕಾಯ್ದೆ ಯೋಜನೆಗೆ ಶೂಮಾಕರ್ ಅವರ ಹೆಸರನ್ನೇ ಇಟ್ಟಿತು.

ಪರಿಣಾಮದ ಬಗ್ಗೆ ಗಟ್ಟಿ ಪುರಾವೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡೆನ್ ಕೌಂಟಿಯಲ್ಲಿ. 2011–12ರ ಪ್ರಯೋಗದಲ್ಲಿ ಹಣ್ಣು ತರಕಾರಿಗೆ ಖರ್ಚುಮಾಡಿದ ಪ್ರತಿ ಡಾಲರಿಗೆ 30 ಸೆಂಟ್ ಮರಳಿಸಲಾಯಿತು. ಪ್ರೋತ್ಸಾಹ ಪಡೆದವರು ಪಡೆಯದವರಿಗಿಂತ ಶೇ. 26ರಷ್ಟು ಹೆಚ್ಚು ಹಣ್ಣು ತರಕಾರಿ ತಿಂದರು. ಆದರೆ ಈ ಮರುಪಾವತಿ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತಿತ್ತು. ಹಾಗಾಗಿ ಕೊಳ್ಳುವವರ ಕೈಗೆ ಹಣ ಕೊಟ್ಟರೆ ಊಟ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿಯೇ ಹೊರತು, ರೈತರಿಗೆ ಲಾಭವಾಗುತ್ತದೆ ಎಂಬುದಕ್ಕಲ್ಲ.

5. ಹತ್ತಿರದ ಮೂರು ಪಾಠಗಳು

ರೈತ ಮತ್ತು ಬಡ ಗ್ರಾಹಕ ಇಬ್ಬರನ್ನೂ ಒಂದೇ ಹಣದಿಂದ ಜೋಡಿಸಿದ ಪ್ರಯೋಗ ಹೈದರಾಬಾದಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ. ಬೀದರ್ ಗಡಿಗೆ ತಾಗಿದ ಜಹೀರಾಬಾದಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1990ರ ದಶಕದ ಮಧ್ಯದಲ್ಲಿ ಪರ್ಯಾಯ ಪಡಿತರ ವ್ಯವಸ್ಥೆ ಕಟ್ಟಿತು. ಅದರ ಮುಂದಾಳುಗಳಲ್ಲಿ ಒಬ್ಬರು ಮೈಸೂರು ಮೂಲದ ಪಿ.ವಿ. ಸತೀಶ್ (1945–2023). ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ ಬೀಳುಬಿದ್ದ ಹೊಲಗಳಿಗೆ ಸಾಲ ಕೊಟ್ಟರು. ರೈತರು ಅದನ್ನು ಜೋಳದ ರೂಪದಲ್ಲಿ ತೀರಿಸಿದರು. ಆ ಜೋಳ ಊರಲ್ಲೇ ದಾಸ್ತಾನಾಗಿ ಬಡವರಿಗೆ ಕಡಿಮೆ ದರಕ್ಕೆ ಸಿಕ್ಕಿತು. ಯಾರು ಬಡವರೆಂದು ಊರವರೇ ಬಹಿರಂಗವಾಗಿ ಕೂತು ತೀರ್ಮಾನಿಸಿದರು. ನಿರ್ವಹಣೆ ದಲಿತ ಮಹಿಳಾ ಸಂಘಗಳದ್ದು.

ಎರಡನೆಯ ಪಾಠ ಜಾರ್ಖಂಡಿನ ನಗ್ಡಿಯದು. 2017ರ ಅಕ್ಟೋಬರ್‌ನಲ್ಲಿ ಅಲ್ಲಿ ಅಕ್ಕಿಯ ಬದಲು ಖಾತೆಗೆ ಹಣ ಹಾಕುವ ಪ್ರಯೋಗ ಶುರುವಾಯಿತು. ಜನ ಬ್ಯಾಂಕಿಗೂ ಪಡಿತರ ಅಂಗಡಿಗೂ ಅಲೆದು ಬೇಸತ್ತು ಪ್ರತಿಭಟಿಸಿದರು. 2018ರಲ್ಲಿ ಸರ್ಕಾರ ಕೈಬಿಟ್ಟಿತು. ಮೂರನೆಯದು ನಮ್ಮ ಅನ್ನಭಾಗ್ಯದ್ದು. 2023ರ ಜುಲೈನಿಂದ ಕರ್ನಾಟಕ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಾಕಿತು. 2025ರ ಫೆಬ್ರುವರಿಯಲ್ಲಿ ಅಕ್ಕಿಗೇ ಮರಳಿತು. ಆ ಹಣವನ್ನು ಇಂಥದ್ದಕ್ಕೇ ಖರ್ಚುಮಾಡಬೇಕೆಂಬ ಕಟ್ಟುಪಾಡು ಇರಲಿಲ್ಲ. ಜನರನ್ನು ಅಲೆಸದ, ತರಕಾರಿಗೇ ಮೀಸಲಾದ ಸಾಧನ ಬೇಕೆಂಬುದು ಇವೆರಡರಿಂದಲೂ ಸ್ಪಷ್ಟ.

6. ಕೂಪನ್ ಹೇಗಿರಬೇಕು

ನಿರ್ದಿಷ್ಟ ವ್ಯಕ್ತಿಗೆ, ನಿರ್ದಿಷ್ಟ ಉದ್ದೇಶಕ್ಕೆ ಕೊಡುವ ವೋಚರಿನ ತಂತ್ರಜ್ಞಾನ ನಮ್ಮಲ್ಲಿ ಸಿದ್ಧವಾಗಿದೆ. 2021ರ ಆಗಸ್ಟ್ 2ರಂದು ಬಿಡುಗಡೆಯಾದ ಇ-ರುಪಿ ಎಸ್‌ಎಂಎಸ್ ಅಥವಾ ಕ್ಯೂಆರ್ ಸಂಕೇತವಾಗಿ ಮೊಬೈಲಿಗೆ ಬರುತ್ತದೆ. ಪಡೆಯುವವರಿಗೆ ಬ್ಯಾಂಕ್ ಖಾತೆಯೂ ಬೇಡ, ಸ್ಮಾರ್ಟ್‌ಫೋನೂ ಬೇಡ. ಕುಟುಂಬಕ್ಕೆ ತಿಂಗಳಿಗೆ 400 ರೂ. ಕೊಟ್ಟರೆ ಮೇಲಿನ ದರದಲ್ಲಿ 13 ಕಿಲೋ ತರಕಾರಿ, ಅಂದರೆ ಬೇಕಾದುದರ ಕಾಲುಭಾಗಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಒಂದು ಲಕ್ಷ ಕುಟುಂಬಗಳಿಗೆ ವರ್ಷಕ್ಕೆ 48 ಕೋಟಿ ರೂಪಾಯಿ. ನಿರ್ವಹಣೆಯ ಖರ್ಚು ಬೇರೆ.

ಮೂರು ಷರತ್ತುಗಳು ಅಗತ್ಯ. ಮೊದಲನೆಯದಾಗಿ, ಕೂಪನ್ ಒಂದೇ ಸಲಕ್ಕೆ ಮುಗಿಯಬಾರದು. 10 ಮತ್ತು 20 ರೂಪಾಯಿಯ ತುಂಡುಗಳಲ್ಲಿ ಚಲಾವಣೆಯಾಗಬೇಕು. ಎರಡನೆಯದಾಗಿ, ರೈತನಿಗೆ ಅಂದಂದೇ ಹಣ ಸಿಗಬೇಕು. ಸೊಪ್ಪು ತಂದ ರೈತ ಮಹಿಳೆ ಸಂಜೆ ಆಳಿನ ಕೂಲಿ ಕೊಡಬೇಕು. ಹದಿನೈದು ದಿನದ ಬಾಕಿಯೆಂದರೆ ಆಕೆ ಕೂಪನ್ ಮುಟ್ಟುವುದೇ ಇಲ್ಲ. ಮಾರುಕಟ್ಟೆ ಸಮಿತಿ ಆವರ್ತ ನಿಧಿಯಿಟ್ಟು ಮೊದಲು ಪಾವತಿಸಿ, ಸರ್ಕಾರದಿಂದ ಆಮೇಲೆ ವಸೂಲು ಮಾಡಿಕೊಳ್ಳಬೇಕು. ಮೂರನೆಯದಾಗಿ, ಅರ್ಹತೆಯನ್ನು ಹೈದರಾಬಾದಿನ ವಿಳಾಸಕ್ಕೆ ಕಟ್ಟಿಹಾಕಬಾರದು. ಇಲ್ಲಿನ ಕಟ್ಟಡ ಕೆಲಸಕ್ಕೆ ಬರುವ ಯಾದಗಿರಿ, ರಾಯಚೂರು, ಕಲಬುರಗಿಯವರ ಕಾರ್ಡು ಊರಲ್ಲಿರುತ್ತದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ಧಾನ್ಯಕ್ಕೆ ತೆರೆದ ದಾರಿಯನ್ನು ತರಕಾರಿಗೂ ತೆರೆಯಬಹುದು.

ರೈತುಬಜಾರಿನ ಮೇಲಿರುವ ಹಳೆಯ ದೂರು, ರೈತರ ಹೆಸರಿನಲ್ಲಿ ವ್ಯಾಪಾರಿಗಳು ಕೂರುತ್ತಾರೆ ಎಂಬುದು. ಪ್ರತಿ ಕೂಪನ್ ಯಾವ ಕಾರ್ಡಿನ ಮಳಿಗೆಯಲ್ಲಿ, ಯಾವ ತರಕಾರಿಗೆ ಖರ್ಚಾಯಿತೆಂದು ದಾಖಲಾದರೆ ಈ ದೂರಿಗೆ ಆಧಾರ ಸಿಗುತ್ತದೆ. ಅರ್ಧ ಎಕರೆ ಪಾಲಕ್ ಬೆಳೆಯುವುದಾಗಿ ನೋಂದಾಯಿಸಿದವರ ಮಳಿಗೆಯಲ್ಲಿ ವರ್ಷವಿಡೀ ಹತ್ತು ಬಗೆಯ ತರಕಾರಿ ಮಾರಾಟವಾಗಿದ್ದರೆ ಅಲ್ಲಿಗೆ ತಪಾಸಣೆ ಹೋಗಬೇಕು. ಇದು ಇಂದಿನ ವ್ಯವಸ್ಥೆಯಲ್ಲಿ ನಗದು ವ್ಯವಹಾರದಿಂದ ಕಾಣಿಸದ ಸಂಗತಿ.

7. ಮಿತಿ ಮತ್ತು ತೀರ್ಮಾನ

ಕೂಪನ್ ದೂರವನ್ನು ಅಳಿಸುವುದಿಲ್ಲ. ರೈತುಬಜಾರಿಗೆ ಬರಲಾಗದ ಬಸ್ತಿಗಳಿಗೆ, 2020ರ ಲಾಕ್‌ಡೌನಿನಲ್ಲಿ ಓಡಿಸಿದ ಸಂಚಾರಿ ರೈತುಬಜಾರುಗಳನ್ನು ಸಂಜೆ ಹೊತ್ತು ಮತ್ತೆ ಓಡಿಸಬೇಕಾಗುತ್ತದೆ. ಕೂಪನ್ನಿನಿಂದ ಬೇಡಿಕೆ ಹೆಚ್ಚಿ ಫಲಕದ ದರವೇ ಏರಿದರೆ ಉಳಿದ ಬಡವರಿಗೆ ಪೆಟ್ಟು ಬೀಳುವ ಅಪಾಯವೂ ಇದೆ. ಆದ್ದರಿಂದ ಒಂದೆರಡು ಬಜಾರುಗಳಲ್ಲಿ ನಡೆಸಿ, ಕೂಪನ್ ಇಲ್ಲದ ಬಜಾರುಗಳ ದರದೊಂದಿಗೆ ಹೋಲಿಸಿ ನೋಡುವುದು ಕ್ರಮ. ಫಲಕ್‌ನುಮಾ ಮತ್ತು ಮೆಹದಿಪಟ್ನಂ ಇಂಥ ಹೋಲಿಕೆಗೆ ತಕ್ಕ ಜೋಡಿ.

1999ರಲ್ಲಿ ಸರ್ಕಾರ ಮಾರುವವನಿಗೆ ಜಾಗ ಕೊಟ್ಟಿತು. ಅಲ್ಲಿಗೆ ಬರುವಷ್ಟು ನಗದು ಇಲ್ಲದ ಗ್ರಾಹಕರಿಗೆ ಹಣ ಕೊಡದೆ ಆ ಹೂಡಿಕೆ ಪೂರ್ತಿ ಫಲ ಕೊಡಲಾರದು. ಧಾನ್ಯಕ್ಕೆ ವರ್ಷವರ್ಷ ದುಡ್ಡು ತೆಗೆದಿಡುವ ಬಜೆಟ್ಟಿನಲ್ಲಿ ತರಕಾರಿಗೆ ಒಂದು ಬಾಬತ್ತು ಸೇರಿಸುವುದು, ಆ ಹಣವನ್ನು ಕಾರ್ಡುದಾರ ರೈತರ ಮಳಿಗೆಯಲ್ಲೇ ಖರ್ಚು ಮಾಡಿಸುವುದು: ಇದಕ್ಕೆ ಹೊಸ ಇಲಾಖೆಯೂ ಬೇಡ, ಹೊಸ ಮಾರುಕಟ್ಟೆಯೂ ಬೇಡ. ಇದೇ ಲೆಕ್ಕಾಚಾರ ಬೆಂಗಳೂರಿನ ಹಾಪ್‌ಕಾಮ್ಸ್ ಮಳಿಗೆಗಳಿಗೂ ಅನ್ವಯಿಸುತ್ತದೆ. 1959ರಿಂದ ತೋಟಗಾರರ ಸಹಕಾರಿಯಾಗಿ ನಡೆದುಬಂದ ಆ ಸಂಸ್ಥೆಗೆ ಬಡ ಗ್ರಾಹಕರನ್ನು ತರಲು ಕರ್ನಾಟಕ ಯೋಚಿಸುವುದಾದರೆ, ಹೈದರಾಬಾದಿನಲ್ಲಿ ನಡೆಯುವ ಪ್ರಯೋಗದ ಫಲಿತಾಂಶ ನೇರವಾಗಿ ನೆರವಿಗೆ ಬರುತ್ತದೆ.